ಕಂದಕಕ್ಕೆ ಇಳಿದ ನಾಯಕ, ಮಿಂಬರ್‌ನಿಂದ ಇಳಿಯದ ನಾವು

(ಜುಮಾ ಖುತ್ಬಾದ ಸಾರಾಂಶ)

 



ಈ ತಿಂಗಳ ಎರಡನೇ ಜುಮಾದಲ್ಲಿ ನಾವು ನಾಯಕತ್ವದ ಕುರಿತು ಮಾತನಾಡಿದ್ದೆವು. ಸಮಯ ಸಾಲದೆ ಅಂದು ಬಿಟ್ಟುಹೋದ ಕೆಲವು ಮಾತುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ನಾಯಕ ಎಂದ ಕೂಡಲೇ ಮಂತ್ರಿ, ಶಾಸಕರು ನೆನಪಾಗುವುದು ಸಹಜ. ಆದರೆ ಪ್ರವಾದಿ(ಸ)ರವರು ನಮ್ಮಲ್ಲಿ ಪ್ರತಿಯೊಬ್ಬರನ್ನೂ ಕುರಿಗಾಹಿಗೆ ಹೋಲಿಸಿದ್ದಾರೆ. ಅವರವರ ಮಂದೆಯ ಲೆಕ್ಕವನ್ನು ಅವರವರೇ ಅಲ್ಲಾಹನ ಮುಂದೆ ಕೊಡಬೇಕೆಂದು ಎಚ್ಚರಿಸಿದ್ದಾರೆ. ಆ ಪ್ರಕಾರ ಮನೆಯ ಯಜಮಾನ, ಮನೆ ನಡೆಸುವ ಗೃಹಿಣಿ, ಅಂಗಡಿಯ ಮಾಲೀಕ, ಗಾರೆ ಕೆಲಸದ ಮೇಸ್ತ್ರಿ, ಮದ್ರಸದ ಉಸ್ತಾದ್, ಜಮಾಅತ್‌ನ ಮುತವಲ್ಲಿ, ಮಸೀದಿಯ ಇಮಾಮ್ ಎಲ್ಲರೂ ನಾಯಕರೇ. ಇಲ್ಲಿ ರಾಜನ ಹೋಲಿಕೆಯನ್ನೋ ಸೇನಾಪತಿಯ ಹೋಲಿಕೆಯನ್ನೋ ಕೊಡದೆ ಕುರಿಗಾಹಿಯ ಹೋಲಿಕೆ ಕೊಟ್ಟಿರುವುದನ್ನು ಗಮನಿಸಿ. ಕುರಿಗಾಹಿ ಮನೆಯಲ್ಲಿ ಕುಳಿತು ಮಂದೆ ಕಾಯಲಾರ. ಕುರಿ ತುಳಿದ ಮುಳ್ಳು ಅವನ ಕಾಲಿಗೂ ಚುಚ್ಚುತ್ತದೆ, ಕುರಿ ನೆನೆದ ಮಳೆಯಲ್ಲಿ ಅವನೂ ನೆನೆಯುತ್ತಾನೆ. ಪ್ರವಾದಿಗಳೆಲ್ಲರೂ ಕುರಿ ಮೇಯಿಸಿದವರೇ ಎಂದೂ, ತಾವು ಕೂಡ ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದ್ದಾಗಿಯೂ ಪ್ರವಾದಿ(ಸ)ರವರು ತಿಳಿಸಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ.

ಆದರೆ ಈ ವಿಷಯವನ್ನು ನಾವು ಕಿತಾಬುಗಳಿಂದ ಆರಿಸಿಕೊಂಡದ್ದಲ್ಲ. ಮಸೀದಿಯ ಹಿಂಭಾಗದ ವುಝೂ ಮಾಡುವ ಜಾಗ ನಮಗೆ ಕಲಿಸಿದ ಪಾಠವಿದು. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ನಮ್ಮ ತಪ್ಪು

ನಮ್ಮ ಮಸೀದಿಯ ಮುಅಝ್ಝಿನ್ ಸಾಹೇಬರಿಗೆ ಅರವತ್ತರ ಹತ್ತಿರದ ವಯಸ್ಸು. ಅಝಾನ್ ಕೊಡುವುದರ ಜೊತೆಗೆ ಗುಡಿಸುವುದು, ಒರೆಸುವುದು, ಚಾಪೆ ಹಾಸುವುದು, ವುಝೂ ಜಾಗ ತೊಳೆಯುವುದು ಎಲ್ಲವೂ ಅವರ ಪಾಲಿಗೆ. ಮಳೆಗಾಲ ಬಂದರೆ ನಲ್ಲಿಗಳ ಮುಂದಿನ ನೆಲದಲ್ಲಿ ಪಾಚಿ ಕಟ್ಟುತ್ತಿತ್ತು. ಬಂದವರು ಗೊಣಗುತ್ತಿದ್ದರು. ಕಮಿಟಿಯ ಸಭೆಯಲ್ಲಿ ಮಾತು ಬಂದಾಗಲೆಲ್ಲ ‘ಮುಅಝ್ಝಿನ್‌ಗೆ ಸ್ವಲ್ಪ ಹೇಳಿ’ ಎಂದು ತೀರ್ಮಾನವಾಗುತ್ತಿತ್ತು. ಹೇಳುವ ಕೆಲಸ ನಮ್ಮದು. ನಾವು ಹೇಳಿದೆವು, ಒಂದಲ್ಲ, ಮೂರು ನಾಲ್ಕು ಸಲ. ಶುಚಿತ್ವ ಈಮಾನ್‌ನ ಭಾಗ ಎಂಬ ವಿಷಯದ ಮೇಲೆ ಒಂದು ಇಡೀ ಖುತ್ಬಾವನ್ನೂ ಕೊಟ್ಟೆವು. ಅಂದು ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಆ ಹಿರಿಯರ ಮುಖ ಈಗಲೂ ನಮ್ಮ ಕಣ್ಣ ಮುಂದಿದೆ.

ಒಂದು ದಿನ ಫಜ್ರ್‌ಗೆ ಮುಂಚೆ ಅವರು ಅದೇ ನೆಲದಲ್ಲಿ ಜಾರಿ ಬಿದ್ದರು. ಮುಂಗೈ ಮೂಳೆ ಮುರಿಯಿತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೋಣೆಯಲ್ಲಿ ಮಲಗಿದರು. ಬೇರೆ ಜನ ಸಿಗುವವರೆಗೆ ಪೊರಕೆ ಹಿಡಿಯಬೇಕಾದವರು ನಾವೇ. ಮೊದಲ ದಿನ ಬ್ಲೀಚಿಂಗ್ ಪೌಡರ್ ಹಾಕಿ, ಬ್ರಷ್‌ನಿಂದ ಉಜ್ಜಿ ಉಜ್ಜಿ ತೊಳೆದೆವು. ನೆಲ ಥಳಥಳ ಹೊಳೆಯಿತು. ‘ಇಷ್ಟೇ ಕೆಲಸ, ಇದಕ್ಕೆ ಅಷ್ಟೊಂದು ಹೇಳಬೇಕಾಯಿತೇ’ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ನಿಜ. ಮೂರನೆಯ ದಿನಕ್ಕೆ ಪಾಚಿ ಮತ್ತೆ ಬಂತು. ಮತ್ತೆ ಉಜ್ಜಿದೆವು, ಮತ್ತೆ ಬಂತು. ಆಗ ಕುಕ್ಕರಗಾಲಲ್ಲಿ ಕುಳಿತು ನೋಡಿದೆವು. ಹಿಂದಿನ ವರ್ಷ ಹೊಸ ಟೈಲ್ಸ್ ಹಾಕುವಾಗ ಇಳಿಜಾರು ತಪ್ಪಿತ್ತು. ನೀರು ಮೋರಿಗೆ ಹರಿಯದೆ ಗೋಡೆಯ ಮೂಲೆಯಲ್ಲೇ ನಿಲ್ಲುತ್ತಿತ್ತು. ಅಲ್ಲಿ ಯಾರು ಎಷ್ಟು ಉಜ್ಜಿದರೂ ಪಾಚಿ ಹೋಗುವ ಹಾಗಿರಲಿಲ್ಲ. ಒಬ್ಬ ಗಾರೆಯವನು ಬಂದು ಅರ್ಧ ದಿನದಲ್ಲಿ ಸರಿ ಮಾಡಿ ಹೋದ.

ಸಂಜೆ ಮುಅಝ್ಝಿನ್ ಸಾಹೇಬರ ಕೋಣೆಗೆ ಹೋಗಿ ಕ್ಷಮೆ ಕೇಳಿದೆವು. ‘ನೀವು ಇದನ್ನು ನಮಗೆ ಹೇಳಬಾರದಿತ್ತೇ?’ ಎಂದು ಕೇಳಿದಾಗ ಅವರು ಮೆಲ್ಲಗೆ ಅಂದರು: ‘ಒಂದು ಸಲ ಹೇಳಿದ್ದೆ ಹಝ್ರತ್. ಕೆಲಸ ತಪ್ಪಿಸೋಕೆ ನೆಪ ಹೇಳ್ತಾನೆ ಅಂತ ಯಾರೋ ಅಂದರು. ಆಮೇಲೆ ಸುಮ್ಮನಾದೆ.’

ಒಂದು ವರ್ಷ ಕಾಲ ನಾವು ಒಬ್ಬ ವೃದ್ಧರನ್ನು ಅವರದಲ್ಲದ ತಪ್ಪಿಗಾಗಿ ನೋಯಿಸಿದ್ದೆವು. ದುರುದ್ದೇಶ ಇರಲಿಲ್ಲ, ನಿಜ. ಆದರೆ ನಮ್ಮ ಮಿಂಬರ್‌ನಿಂದ ಆ ಮೂಲೆಗೆ ಹೆಚ್ಚೆಂದರೆ ಅರವತ್ತು ಹೆಜ್ಜೆ. ಆ ಅರವತ್ತು ಹೆಜ್ಜೆಯನ್ನು ನಾವು ನಡೆದಿರಲಿಲ್ಲ. ದಿನಕ್ಕೆ ಐದು ಬಾರಿ ಅಲ್ಲೇ ವುಝೂ ಮಾಡುವವರು ನೀವು, ನೋಡಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನೋಡಿದ್ದೆವು. ನೋಡುವುದು ಬೇರೆ, ಉಜ್ಜುವುದು ಬೇರೆ.

ರಾಶಿಯೊಳಗೆ ಇಟ್ಟ ಕೈ

ಆ ರಾತ್ರಿ ನಮಗೆ ನೆನಪಾದದ್ದು ಸಹೀಹ್ ಮುಸ್ಲಿಮ್‌ನ ಒಂದು ಹದೀಸ್. ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಒಂದು ಧಾನ್ಯದ ರಾಶಿ ಕಂಡಿತು. ಅವರು ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ಒದ್ದೆ ತಾಗಿತು. ವ್ಯಾಪಾರಿಯನ್ನು ಕೇಳಿದಾಗ ಮಳೆಗೆ ನೆನೆಯಿತೆಂದು ಹೇಳಿದ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ವಿಚಾರಿಸಿ, ಮೋಸ ಮಾಡುವವನು ತಮ್ಮವನಲ್ಲ ಎಂದು ಪ್ರವಾದಿ(ಸ)ರವರು ಕಟುವಾಗಿ ಎಚ್ಚರಿಸಿದರು.

ಈ ಹದೀಸನ್ನು ನಾವು ಸಾಮಾನ್ಯವಾಗಿ ವ್ಯಾಪಾರದಲ್ಲಿನ ಮೋಸದ ಬಗ್ಗೆ ಹೇಳುವಾಗ ಬಳಸುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಮದೀನಾದ ಆಡಳಿತದ ಹೊಣೆ ಹೊತ್ತವರು ಸ್ವತಃ ಪೇಟೆಗೆ ಬಂದಿದ್ದರು. ಬಂದದ್ದಷ್ಟೇ ಅಲ್ಲ, ಕೈ ಹಾಕಿ ನೋಡಿದರು. ಕಣ್ಣಿಗೆ ರಾಶಿ ಒಣಗಿದಂತೆಯೇ ಕಾಣುತ್ತಿತ್ತು. ದೂರದಿಂದ ನೋಡಿ ವರದಿ ಕೊಡುವವನೂ ‘ಧಾನ್ಯ ಚೆನ್ನಾಗಿದೆ’ ಎಂದೇ ಹೇಳುತ್ತಿದ್ದ. ಒಳಗಿನ ತೇವ ಕೈಗೆ ಮಾತ್ರ ಗೊತ್ತಾಗುವಂಥದ್ದು.

ನಮ್ಮ ಸಭೆಗಳಿಗೆ ಬರುವ ವರದಿಗಳೆಲ್ಲ ರಾಶಿಯ ಮೇಲ್ಭಾಗ. ಅಲ್ಲಿ ಸುಳ್ಳು ಇರಬೇಕೆಂದೇನಿಲ್ಲ. ಕೆಲಸ ಮಾಡುವವನಿಗೆ ಕಷ್ಟವನ್ನು ಮಾತಿನಲ್ಲಿ ಹೇಳಲು ಬರದಿರಬಹುದು. ಹೇಳಲು ಸಂಕೋಚವಿರಬಹುದು. ಹೇಳಿದರೆ ನೆಪವೆಂದು ಕೇಳಿಸೀತು ಎಂಬ ಭಯವಿರಬಹುದು.

ಮುನ್ನೂರು ಖರ್ಜೂರದ ಸಸಿಗಳು

ಪ್ರವಾದಿ(ಸ)ರವರ ಜೀವನದಲ್ಲಿ ಇದಕ್ಕೆ ಅತ್ಯಂತ ದೊಡ್ಡ ಉದಾಹರಣೆ ಖಂದಕ್, ಅಂದರೆ ಕಂದಕದ ಯುದ್ಧ. ಆದರೆ ಆ ಕಥೆ ಕಂದಕದಿಂದ ಶುರುವಾಗುವುದಿಲ್ಲ, ಒಂದು ಖರ್ಜೂರದ ತೋಟದಿಂದ ಶುರುವಾಗುತ್ತದೆ.

ಪರ್ಷಿಯಾ ಮೂಲದ ಸಲ್ಮಾನ್ ಫಾರಿಸಿ(ರ) ಸತ್ಯವನ್ನು ಹುಡುಕುತ್ತಾ ಊರೂರು ಅಲೆದು, ಕೊನೆಗೆ ಮದೀನಾದಲ್ಲಿ ಗುಲಾಮರಾಗಿ ಬಿದ್ದಿದ್ದರು. ಇಸ್ಲಾಮ್ ಸ್ವೀಕರಿಸಿದರೂ ಯಜಮಾನನ ಹಿಡಿತದಿಂದಾಗಿ ಬದ್ರ್, ಉಹುದ್ ಯುದ್ಧಗಳಲ್ಲಿ ಪಾಲ್ಗೊಳ್ಳಲಾಗಲಿಲ್ಲ. ಪ್ರವಾದಿ(ಸ)ರವರ ಸಲಹೆಯಂತೆ ಅವರು ಯಜಮಾನನೊಂದಿಗೆ ಬಿಡುಗಡೆಯ ಒಪ್ಪಂದ ಮಾಡಿಕೊಂಡರು. ಮುನ್ನೂರು ಖರ್ಜೂರದ ಸಸಿಗಳನ್ನು ನೆಟ್ಟು ಕೊಡಬೇಕು, ಜೊತೆಗೆ ನಲವತ್ತು ಊಕಿಯಾ ಚಿನ್ನ ಕೊಡಬೇಕು ಎಂಬುದು ಷರತ್ತು. ಸಹಾಬಿಗಳು ಒಬ್ಬರು ಮೂವತ್ತು, ಒಬ್ಬರು ಇಪ್ಪತ್ತು, ಒಬ್ಬರು ಹತ್ತು ಎಂದು ಕೈಲಾದಷ್ಟು ಸಸಿ ತಂದುಕೊಟ್ಟರು. ಗುಂಡಿ ತೋಡಲು ಕೈ ಜೋಡಿಸಿದರು. ಗುಂಡಿಗಳು ತಯಾರಾದ ಮೇಲೆ ಪ್ರವಾದಿ(ಸ)ರವರು ತೋಟಕ್ಕೆ ಬಂದು ಸಸಿಗಳನ್ನು ತಮ್ಮ ಕೈಯಾರೆ ನೆಟ್ಟರು. ಮುಸ್ನದ್ ಅಹ್ಮದ್‌ನಲ್ಲಿ ಸಲ್ಮಾನ್(ರ)ರವರೇ ಹೇಳಿದ ಈ ವೃತ್ತಾಂತ ವಿವರವಾಗಿದೆ.

ಯೋಚಿಸಿ ನೋಡಿ. ಸುತ್ತಲೂ ಶತ್ರುಗಳು, ಒಳಗೆ ಕಪಟಿಗಳು, ಬೆಳೆಯುತ್ತಿರುವ ಒಂದು ಸಮಾಜದ ನೂರು ಹೊಣೆಗಳು. ಅಂಥವರು ಒಬ್ಬ ಪರದೇಶಿ ಗುಲಾಮನ ಬಿಡುಗಡೆಗಾಗಿ ಮಣ್ಣಿನಲ್ಲಿ ಕುಳಿತು ಸಸಿ ನೆಡುತ್ತಿದ್ದಾರೆ. ಸಸಿಗಳನ್ನು ಕಳುಹಿಸಿಕೊಟ್ಟು ದುಆ ಮಾಡಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಕಂದಕದ ಬಂಡೆ

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627. ಮಕ್ಕಾದ ಕುರೈಶರು ಇತರ ಗೋತ್ರಗಳನ್ನು ಕೂಡಿಸಿಕೊಂಡು ಸುಮಾರು ಹತ್ತು ಸಾವಿರ ಮಂದಿಯ ಸೇನೆಯೊಂದಿಗೆ ಮದೀನಾದತ್ತ ಹೊರಟರು. ಮದೀನಾದಲ್ಲಿದ್ದ ಮುಸ್ಲಿಮ್ ಯೋಧರು ಸುಮಾರು ಮೂರು ಸಾವಿರ. ಸಮಾಲೋಚನೆ ನಡೆಯಿತು. ಕುದುರೆ ಸವಾರರ ದಾಳಿಯ ಭಯವಿದ್ದಾಗ ಪರ್ಷಿಯಾದಲ್ಲಿ ಊರ ಸುತ್ತ ಕಂದಕ ತೋಡುತ್ತಾರೆಂದು ಸಲಹೆ ಕೊಟ್ಟವರು ಇದೇ ಸಲ್ಮಾನ್(ರ). ಅರಬರಿಗೆ ಪರಿಚಯವೇ ಇಲ್ಲದ ಉಪಾಯ. ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು ಅನುಭವಿ ಯೋಧರ ನಡುವೆ ಎದ್ದು ನಿಂತು ಹೇಳಿದ ಮಾತು ಅದು. ತನಗಾಗಿ ಸಸಿ ನೆಟ್ಟ ಕೈಗಳನ್ನು ಕಂಡವರಿಗೆ ಆ ಸಭೆಯಲ್ಲಿ ಬಾಯಿ ತೆರೆಯಲು ಭಯವಾದರೂ ಏಕೆ ಆಗಬೇಕು?

ಮದೀನಾದ ಇತರ ದಿಕ್ಕುಗಳಲ್ಲಿ ಕರಿಕಲ್ಲಿನ ಬಯಲು, ದಟ್ಟ ತೋಟಗಳು, ಒತ್ತೊತ್ತಾದ ಮನೆಗಳು ರಕ್ಷಣೆಗಿದ್ದವು. ತೆರೆದಿದ್ದದ್ದು ಉತ್ತರ ದಿಕ್ಕು. ಅಲ್ಲಿ ಅಗೆತ ಶುರುವಾಯಿತು. ಕೊರೆಯುವ ಚಳಿ. ಹೊಟ್ಟೆಗೆ ಸರಿಯಾಗಿ ಊಟವಿಲ್ಲ. ಕೆಲಸಕ್ಕೆ ಆಳುಗಳಿಲ್ಲ, ಮುಹಾಜಿರರು ಮತ್ತು ಅನ್ಸಾರರೇ ಅಗೆಯಬೇಕು, ಅವರೇ ಮಣ್ಣು ಹೊರಬೇಕು. ಪ್ರವಾದಿ(ಸ)ರವರು ದಡದಲ್ಲಿ ನಿಂತು ಉಸ್ತುವಾರಿ ನೋಡಲಿಲ್ಲ. ಬರಾ ಬಿನ್ ಆಝಿಬ್(ರ) ತಾವು ಕಣ್ಣಾರೆ ಕಂಡದ್ದನ್ನು ವಿವರಿಸಿದ್ದಾರೆ: ಪ್ರವಾದಿ(ಸ)ರವರು ಮಣ್ಣು ಹೊರುತ್ತಿದ್ದರು, ಅವರ ಹೊಟ್ಟೆಯ ಚರ್ಮವೇ ಕಾಣದಷ್ಟು ಧೂಳು ಮೆತ್ತಿಕೊಂಡಿತ್ತು. ದಣಿವು ಮರೆಯಲು ಸಹಾಬಿಗಳು ಪದ ಹೇಳುತ್ತಿದ್ದಾಗ ಅವರೂ ದನಿಗೂಡಿಸುತ್ತಿದ್ದರು.

ಅಗೆಯುತ್ತಿದ್ದಾಗ ಒಂದು ಕಡೆ ಗಟ್ಟಿ ಬಂಡೆ ಅಡ್ಡ ಬಂತು. ಯಾರ ಪಿಕಾಸಿಗೂ ಬಗ್ಗಲಿಲ್ಲ. ಸಹಾಬಿಗಳು ನೇರವಾಗಿ ಪ್ರವಾದಿ(ಸ)ರವರ ಬಳಿ ಬಂದು ಹೇಳಿದರು. ತಾವೇ ಇಳಿದು ಬರುವುದಾಗಿ ಹೇಳಿ ಅವರು ಎದ್ದರು. ಎದ್ದಾಗ ಹಸಿವಿನಿಂದ ಹೊಟ್ಟೆಗೆ ಕಟ್ಟಿಕೊಂಡಿದ್ದ ಕಲ್ಲು ಕಾಣಿಸಿತು. ಮೂರು ದಿನಗಳಿಂದ ಅಲ್ಲಿ ಯಾರ ಬಾಯಿಗೂ ಅನ್ನದ ರುಚಿ ಬಿದ್ದಿರಲಿಲ್ಲವೆಂದು ಜಾಬಿರ್ ಬಿನ್ ಅಬ್ದುಲ್ಲಾಹ್(ರ) ನೆನಪಿಸಿಕೊಂಡಿದ್ದಾರೆ. ಪ್ರವಾದಿ(ಸ)ರವರು ಪಿಕಾಸಿ ಎತ್ತಿ ಹೊಡೆದರು. ಬಂಡೆ ಮರಳಿನಂತೆ ಪುಡಿಯಾಯಿತು.

ಬಂಡೆ ಪುಡಿಯಾದದ್ದು ಅಲ್ಲಾಹನ ಅನುಗ್ರಹ. ಅದು ನಮ್ಮ ಕೈಯಲ್ಲಿಲ್ಲ. ಆದರೆ ಅದಕ್ಕಿಂತ ಮುಂಚೆ ನಡೆದ ಒಂದು ಸಂಗತಿ ನಮ್ಮ ಕೈಯಲ್ಲಿದೆ. ಬಂಡೆ ಸಿಕ್ಕಿದೆ ಎಂಬ ಸುದ್ದಿ ತಡವಿಲ್ಲದೆ, ಸಂಕೋಚವಿಲ್ಲದೆ ಪ್ರವಾದಿ(ಸ)ರವರನ್ನು ತಲುಪಿತು. ಏಕೆಂದರೆ ಅವರು ಕೂಗಳತೆಯಲ್ಲೇ ಇದ್ದರು, ಅದೇ ಧೂಳಿನಲ್ಲಿ, ಅದೇ ಹಸಿವಿನಲ್ಲಿ. ‘ಕೆಲಸ ತಪ್ಪಿಸಲು ನೆಪ ಹೇಳುತ್ತಿದ್ದಾರೆ’ ಎಂದು ಅವರು ತಿಳಿದುಕೊಳ್ಳಬಹುದೆಂಬ ಶಂಕೆ ಯಾರಿಗೂ ಬರಲಿಲ್ಲ. ಆ ಮಣ್ಣು ಎಷ್ಟು ಗಟ್ಟಿ ಎಂಬುದು ಅವರ ಕೈಗಳಿಗೂ ಗೊತ್ತಿತ್ತು. ನಮ್ಮ ಮುಅಝ್ಝಿನ್ ಸಾಹೇಬರ ಬಂಡೆಯ ಸುದ್ದಿ ನಮ್ಮನ್ನು ತಲುಪಲು ಒಂದು ವರ್ಷ ಬೇಕಾಯಿತು, ಒಂದು ಮೂಳೆ ಮುರಿಯಬೇಕಾಯಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಹೊಟ್ಟೆಯ ಮೇಲಿನ ಆ ಕಲ್ಲನ್ನು ಕಂಡ ಜಾಬಿರ್(ರ)ರಿಗೆ ನಿಲ್ಲಲಾಗಲಿಲ್ಲ. ಅನುಮತಿ ಕೇಳಿ ಮನೆಗೆ ಓಡಿದರು. ಪತ್ನಿಯ ಬಳಿ ಒಂದು ಸಾಅ್ ಬಾರ್ಲಿ ಮತ್ತು ಒಂದು ಆಡಿನ ಮರಿ ಇತ್ತು. ಅದನ್ನು ಅಡುಗೆಗೆ ಹಚ್ಚಿ, ಒಬ್ಬಿಬ್ಬರೊಂದಿಗೆ ಊಟಕ್ಕೆ ಬರಬೇಕೆಂದು ಪ್ರವಾದಿ(ಸ)ರವರ ಬಳಿ ಗುಟ್ಟಾಗಿ ಕೇಳಿಕೊಂಡರು. ಪ್ರವಾದಿ(ಸ)ರವರು ಕಂದಕದಲ್ಲಿದ್ದ ಎಲ್ಲರನ್ನೂ ಕರೆದರು. ನೂಕುನುಗ್ಗಲು ಮಾಡದೆ ಒಳಬರಲು ಹೇಳಿ, ತಾವೇ ರೊಟ್ಟಿ ಮುರಿದು, ಅದರ ಮೇಲೆ ಮಾಂಸ ಹಾಕಿ ಬಡಿಸಿದರು. ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೂ ಉಳಿಯಿತು. ಉಳಿದದ್ದನ್ನು ತಿನ್ನಲು ಮತ್ತು ಹಸಿದ ಇತರರಿಗೂ ಕಳುಹಿಸಲು ಆ ಗೃಹಿಣಿಗೆ ತಿಳಿಸಿದರು. ಬೆಳಿಗ್ಗೆ ಪಿಕಾಸಿ ಹಿಡಿದ ಕೈಯೇ ಈಗ ಬಡಿಸುವ ಕೈಯಾಯಿತು.

ಪ್ರವಾದಿ(ಸ)ರವರಲ್ಲಿ ನಮಗೆ ಅತ್ಯುತ್ತಮ ಮಾದರಿಯಿದೆ ಎಂದು ತಿಳಿಸುವ ಆಯತ್ತು ನಮಗೆಲ್ಲ ಬಾಯಿಪಾಠ. ಮದುವೆಯಲ್ಲೂ ಓದುತ್ತೇವೆ, ಮೀಲಾದ್ ಸಭೆಗಳಲ್ಲೂ ಓದುತ್ತೇವೆ. ಅದು 33ನೇ ಅಧ್ಯಾಯ ಅಲ್ ಅಹ್‌ಝಾಬ್‌ನ 21ನೇ ಆಯತ್ತು. ಅದರ ಹಿಂದೆಯೂ ಮುಂದೆಯೂ ಇರುವುದು ಇದೇ ಕಂದಕದ ಯುದ್ಧದ ವರ್ಣನೆ. ಅಂದರೆ ಆ ಮಾದರಿಯನ್ನು ಅಲ್ಲಾಹನು ಮೊದಲು ತೋರಿಸಿಕೊಟ್ಟದ್ದು ಮಣ್ಣು ಹೊತ್ತ, ಹಸಿದ, ಜನರ ನಡುವೆ ನಿಂತ ಪ್ರವಾದಿ(ಸ)ರವರಲ್ಲಿ.

ಪೇಟೆಯಲ್ಲಿ ನಡೆಯುವವರು

ಆ ಕಾಲದ ವಿರೋಧಿಗಳಿಗೆ ಇದೇ ಒಂದು ದೊಡ್ಡ ದೂರಾಗಿತ್ತು. ಊಟ ಮಾಡುವ, ಪೇಟೆಯಲ್ಲಿ ಓಡಾಡುವ ಈತ ಎಂಥ ದೇವದೂತರು ಎಂದು ಅವರು ಹೀಯಾಳಿಸಿದ್ದು 25ನೇ ಅಧ್ಯಾಯ ಅಲ್ ಫುರ್ಕಾನ್‌ನ 7ನೇ ಆಯತ್ತಿನಲ್ಲಿದೆ. ಅದೇ ಅಧ್ಯಾಯದ 20ನೇ ಆಯತ್ತು ಅದಕ್ಕೆ ಉತ್ತರ ಕೊಡುತ್ತದೆ. ಹಿಂದಿನ ದೂತರೂ ಉಣ್ಣುತ್ತಿದ್ದರು, ಪೇಟೆಗಳಲ್ಲಿ ನಡೆಯುತ್ತಿದ್ದರು ಎಂದು ಅಲ್ಲಾಹನು ತಿಳಿಸಿದ್ದಾನೆ. ನೂಹ್(ಅ) ಮರ ಜೋಡಿಸಿ ಹಡಗು ಕಟ್ಟಿದರು. ಕುಲದ ಮುಖಂಡರು ಅದನ್ನು ಕಂಡು ನಗುತ್ತಾ ಹೋದರು. ದಾವೂದ್(ಅ) ರಾಜರಾಗಿದ್ದರೂ ಕಬ್ಬಿಣದ ಕವಚ ಮಾಡಿದರು, ಸ್ವಂತ ಕೈ ದುಡಿಮೆಯಿಂದ ಉಂಡರು.

ಖಲೀಫಾಗಳೂ ಈ ದಾರಿಯನ್ನು ಬಿಡಲಿಲ್ಲ. ಹಝ್ರತ್ ಅಬೂಬಕರ್(ರ) ತಮ್ಮ ಬೀದಿಯ ಮನೆಗಳ ಆಡುಗಳ ಹಾಲು ಕರೆದು ಕೊಡುತ್ತಿದ್ದರು. ಅವರು ಖಲೀಫಾ ಆದಾಗ, ಇನ್ನು ನಮ್ಮ ಆಡುಗಳ ಹಾಲು ಕರೆಯುವವರಿಲ್ಲ ಎಂದು ಒಬ್ಬ ಹುಡುಗಿ ಬೇಸರಪಟ್ಟಳು. ಅವರು ಆ ಕೆಲಸವನ್ನು ಮುಂದುವರಿಸಿದರೆಂದು ಇಬ್ನ್ ಸಅದ್ ದಾಖಲಿಸಿದ್ದಾರೆ.

ಮಗುವಿನ ಅಳು ಬದಲಿಸಿದ ಕಾನೂನು

ಹಝ್ರತ್ ಉಮರ್(ರ)ರವರು ಹಿಟ್ಟಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಹಸಿದ ಮಕ್ಕಳ ತಾಯಿಗೆ ತಲುಪಿಸಿ, ಒಲೆ ಊದಿ ಅಡುಗೆ ಮಾಡಿಕೊಟ್ಟ ಘಟನೆ ನಿಮಗೆಲ್ಲ ಗೊತ್ತು. ಅಷ್ಟು ಪರಿಚಿತವಲ್ಲದ ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು.

ಅವರ ಕಾಲದಲ್ಲಿ ಬೈತುಲ್ ಮಾಲ್‌ನಿಂದ ಜನರಿಗೆ ಭತ್ಯೆ ಹಂಚುವ ವ್ಯವಸ್ಥೆ ಇತ್ತು. ಮಕ್ಕಳಿಗೆ ತಾಯಿಯ ಹಾಲು ಬಿಡಿಸಿದ ನಂತರ ಭತ್ಯೆ ಶುರುವಾಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಈ ನಿಯಮದಲ್ಲಿ ಏನೂ ತಪ್ಪಿಲ್ಲ. ಒಮ್ಮೆ ವ್ಯಾಪಾರಿಗಳ ತಂಡವೊಂದು ಮದೀನಾಕ್ಕೆ ಬಂದು ತಂಗಿತು. ಆ ರಾತ್ರಿ ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಕಾವಲಿಗೆ ನಿಂತರು. ಒಂದು ಮಗು ಬಿಡದೆ ಅಳುತ್ತಿತ್ತು. ಉಮರ್(ರ) ಹೋಗಿ ಮಗುವನ್ನು ಸಮಾಧಾನಪಡಿಸುವಂತೆ ತಾಯಿಗೆ ಹೇಳಿ ಬಂದರು. ಮತ್ತೆ ಅಳು, ಮತ್ತೆ ಹೋದರು. ಮೂರನೆಯ ಸಲ, ನೀನೆಂಥ ತಾಯಿ ಎಂದು ಗದರಿದರು. ಎದುರಿಗಿರುವುದು ಖಲೀಫಾ ಎಂದು ಅರಿಯದ ಆಕೆ ನಿಜ ಸಂಗತಿ ಹೇಳಿದಳು. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕಾಗಿ ಬೇಗನೆ ಹಾಲು ಬಿಡಿಸಲು ನೋಡುತ್ತಿದ್ದೇನೆ, ಮಗು ಒಪ್ಪುತ್ತಿಲ್ಲ ಎಂದಳು.

ಅಂದಿನ ಫಜ್ರ್‌ನಲ್ಲಿ ಉಮರ್(ರ)ರ ಅಳುವಿನಿಂದಾಗಿ ಅವರ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ತನ್ನ ನಿಯಮದಿಂದ ಎಷ್ಟು ಮಕ್ಕಳಿಗೆ ಕೇಡಾಯಿತೋ ಎಂದು ಅವರು ನೊಂದುಕೊಂಡರು. ಇನ್ನು ಯಾರೂ ಅವಸರದಿಂದ ಹಾಲು ಬಿಡಿಸಬೇಕಾಗಿಲ್ಲ, ಮಗು ಹುಟ್ಟಿದ ದಿನದಿಂದಲೇ ಭತ್ಯೆ ಸಿಗುತ್ತದೆ ಎಂದು ಸಾರಿಸಿದರು. ಎಲ್ಲ ಪ್ರಾಂತಗಳಿಗೂ ಆದೇಶ ಹೋಯಿತು.

ಆ ನಿಯಮ ಮಾಡಿದವರು ಕಠಿಣ ಹೃದಯದವರೇನಲ್ಲ. ಆದರೆ ನಿಯಮ ಒಂದು ಒಲೆಯ ಬಳಿ, ಒಂದು ತೊಟ್ಟಿಲ ಬಳಿ ಏನು ಮಾಡುತ್ತಿದೆ ಎಂಬುದು ದಫ್ತರದಲ್ಲಿ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಮೊದಲ ಎರಡು ಸಲ ಉಮರ್(ರ) ಕೂಡ ತಾಯಿಗೇ ಬುದ್ಧಿ ಹೇಳಿದ್ದರು. ನಾವು ಮುಅಝ್ಝಿನ್ ಸಾಹೇಬರಿಗೆ ಹೇಳಿದ ಹಾಗೆಯೇ. ವ್ಯತ್ಯಾಸವೆಂದರೆ ಅವರು ಅಲ್ಲೇ ನಿಂತಿದ್ದರು, ಮೂರನೆಯ ಸಲವೂ ಹೋದರು, ಕಾರಣ ಕೇಳಿದರು.

ಮೂರು ತಪ್ಪು ತಿಳಿವಳಿಕೆಗಳು

ಈ ಖುತ್ಬಾದ ನಂತರ ಕೆಲವರು ಬಂದು ಪ್ರಶ್ನೆ ಕೇಳಿದರು. ಅವು ನ್ಯಾಯವಾದ ಪ್ರಶ್ನೆಗಳು.

ಒಂದು, ನಾಯಕನೇ ಎಲ್ಲ ಕೆಲಸ ಮಾಡಬೇಕೇ? ಇಲ್ಲ. ಅಬೂಬಕರ್(ರ) ಖಲೀಫಾ ಆದ ಬಳಿಕವೂ ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಾಗ ಸಹಾಬಿಗಳು ಅವರನ್ನು ತಡೆದರು. ಸಮುದಾಯದ ಹೊಣೆಯೂ ವ್ಯಾಪಾರವೂ ಒಟ್ಟಿಗೆ ಸಾಗದೆಂದು ಹೇಳಿ ಬೈತುಲ್ ಮಾಲ್‌ನಿಂದ ಜೀವನಾಂಶ ಗೊತ್ತುಮಾಡಿದರು. ಮಸ್ಜಿದುನ್ನಬವಿ ಕಟ್ಟುವಾಗ ಪ್ರವಾದಿ(ಸ)ರವರು ಎಲ್ಲರೊಂದಿಗೆ ಹಸಿ ಇಟ್ಟಿಗೆ ಹೊತ್ತರು. ಆದರೆ ಯಮಾಮಾದಿಂದ ಬಂದ ತಲ್ಕ್ ಬಿನ್ ಅಲಿ(ರ) ಮಣ್ಣು ಕಲಸುವುದರಲ್ಲಿ ನಿಪುಣರೆಂದು ಕಂಡಾಗ, ಆ ಕೆಲಸವನ್ನು ಅವರಿಗೇ ಬಿಡುವಂತೆ ಹೇಳಿದರು. ಯಾರ ಕೈ ಯಾವುದರಲ್ಲಿ ಪಳಗಿದೆ ಎಂದು ಜೊತೆಯಲ್ಲಿ ದುಡಿದವನಿಗೆ ಗೊತ್ತಾಗುತ್ತದೆ. ಬಲ್ಲವನಿಗೆ ಕೆಲಸ ಬಿಟ್ಟುಕೊಡುವುದೂ ನಾಯಕತ್ವವೇ.

ಎರಡು, ಇದು ತೋರಿಕೆ ಆಗುವುದಿಲ್ಲವೇ? ಆಗಬಹುದು. ಹೊಸ ಪೊರಕೆ ಹಿಡಿದು, ಮೊಬೈಲ್ ಮುಂದೆ ನಿಂತು, ಫೋಟೋ ಬಂದ ಮೇಲೆ ಪೊರಕೆ ಇಟ್ಟು ಹೋಗುವುದಾದರೆ ಅದು ಶುದ್ಧ ರಿಯಾ. ಅದರಿಂದ ನೆಲವೂ ಶುಚಿಯಾಗದು, ಮನಸ್ಸೂ ಶುಚಿಯಾಗದು. ಒಂದು ದಿನ ಗುಡಿಸಿದ್ದರೆ ನಮಗೂ ಏನೂ ಗೊತ್ತಾಗುತ್ತಿರಲಿಲ್ಲ. ಪಾಚಿ ಮರಳಿ ಬಂದದ್ದು ಮೂರನೆಯ ದಿನ.

ಮೂರು, ಮೇಲಿನವರು ಹೀಗೆ ಹತ್ತಿರ ಬಂದರೆ ಕೆಲಸದವರಿಗೆ ಕಿರಿಕಿರಿ ಅಲ್ಲವೇ? ತಪ್ಪು ಹಿಡಿಯಲು ಬಂದರೆ ಖಂಡಿತ ಕಿರಿಕಿರಿ. ಅನಸ್(ರ) ಹತ್ತು ವರ್ಷ ಪ್ರವಾದಿ(ಸ)ರವರ ಸೇವೆಯಲ್ಲಿದ್ದರು. ಅಷ್ಟೂ ಕಾಲದಲ್ಲಿ ಒಮ್ಮೆಯೂ ಪ್ರವಾದಿ(ಸ)ರವರು ತಮ್ಮ ಮೇಲೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಲಿಲ್ಲ, ಹೀಗೇಕೆ ಮಾಡಿದೆ ಎಂದು ಕೇಳಲಿಲ್ಲ ಎಂದು ಅವರು ಸಾಕ್ಷಿ ಹೇಳಿದ್ದಾರೆ. ಹತ್ತಿರವಿರುವುದೆಂದರೆ ಹೀಗೆ. ಭಾರ ಹಂಚಿಕೊಳ್ಳಲು ಹೋಗಬೇಕು, ಬೇಹುಗಾರಿಕೆಗೆ ಹೋಗಬಾರದು.

ನಾವು ಏನು ಮಾಡಬಹುದು?

ಸೇವಕರ ಮೇಲೆ ಅವರ ಶಕ್ತಿ ಮೀರಿದ ಭಾರ ಹೊರಿಸಬಾರದು, ಹೊರಿಸಿದರೆ ಜೊತೆಗೂಡಿ ನೆರವಾಗಬೇಕು ಎಂದು ಪ್ರವಾದಿ(ಸ)ರವರು ಅಬೂದರ್(ರ)ರಿಗೆ ಬೋಧಿಸಿದರು. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್. ಅಡುಗೆಯವನು ಊಟ ತಂದಿಟ್ಟಾಗ ಅವನನ್ನೂ ಜೊತೆಗೆ ಕೂರಿಸಿಕೊಳ್ಳಬೇಕು, ಇಲ್ಲವಾದರೆ ಒಂದೆರಡು ತುತ್ತಾದರೂ ಕೊಡಬೇಕು, ಒಲೆಯ ಬಿಸಿ ಉಂಡವನು ಅವನೇ ಎಂಬ ಬೋಧನೆಯೂ ಇದೆ. ಇವುಗಳ ಬೆಳಕಿನಲ್ಲಿ ಕೆಲವು ಸಣ್ಣ ಕೆಲಸಗಳನ್ನು ಸೂಚಿಸುತ್ತೇವೆ.

ಮನೆಯಲ್ಲಿ: ಪ್ರವಾದಿ(ಸ)ರವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಸಹೋದರರೇ, ವಾರಕ್ಕೊಂದು ದಿನ ಬೆಳಗಿನ ತಿಂಡಿಯಿಂದ ರಾತ್ರಿಯ ಪಾತ್ರೆಯವರೆಗೆ ಅಡುಗೆಮನೆಯಲ್ಲಿ ಜೊತೆಗಿರಿ. ‘ದಿನವಿಡೀ ಮನೆಯಲ್ಲೇ ಇರುತ್ತೀಯಲ್ಲ, ಏನು ಕೆಲಸ?’ ಎಂಬ ಮಾತು ಆಮೇಲೆ ನಿಮ್ಮ ಬಾಯಿಂದ ಬರುವುದಿಲ್ಲ. ಸಹೋದರಿಯರೇ, ಕೆಲಸಕ್ಕೆ ಬರುವ ಹೆಂಗಸು ಬಟ್ಟೆ ಒಗೆಯುವ ಕಲ್ಲು ಎಷ್ಟು ತಗ್ಗಿನಲ್ಲಿದೆ ಎಂದು ಒಮ್ಮೆ ಬಗ್ಗಿ ನೋಡಿ.

ಅಂಗಡಿ, ಗೋದಾಮಿನಲ್ಲಿ: ಲೆಕ್ಕ ನೋಡಲು ಮಾತ್ರ ಹೋಗಬೇಡಿ. ಹುಡುಗರೊಂದಿಗೆ ಒಂದು ಲೋಡ್ ಇಳಿಸಿ. ಮಧ್ಯಾಹ್ನ ಅವರು ಎಲ್ಲಿ ಕುಳಿತು ಉಣ್ಣುತ್ತಾರೆ, ಎಲ್ಲಿ ನಮಾಝ್ ಮಾಡುತ್ತಾರೆ ನೋಡಿ.

ಮದ್ರಸದಲ್ಲಿ: ಕಮಿಟಿಯವರು ವಾರ್ಷಿಕ ಸಭೆಗೆ ಬರುವುದು ಸಾಲದು. ಒಂದು ಸಂಜೆ ಮಕ್ಕಳ ಜೊತೆ ಚಾಪೆಯ ಮೇಲೆ ಪೂರ್ತಿ ಹೊತ್ತು ಕುಳಿತುಕೊಳ್ಳಿ. ಉಸ್ತಾದರ ಗಂಟಲು ಏಕೆ ಕಟ್ಟಿರುತ್ತದೆಂದು ತಿಳಿಯುತ್ತದೆ.

ಮಸೀದಿಯಲ್ಲಿ: ನಮ್ಮ ಕಮಿಟಿಯ ಅಧ್ಯಕ್ಷರು ಒಂದು ಒಳ್ಳೆಯ ತೀರ್ಮಾನ ಮಾಡಿದ್ದಾರೆ. ಕಮಿಟಿಯ ಪ್ರತಿ ಸದಸ್ಯರೂ ಸರದಿಯಂತೆ ಒಂದೊಂದು ವಾರ ಮುಅಝ್ಝಿನ್ ಸಾಹೇಬರೊಂದಿಗೆ ಶುಚಿ ಕೆಲಸಕ್ಕೆ ನಿಲ್ಲುತ್ತಾರೆ. ಮೊದಲ ವಾರವೇ ಮಹಡಿಯ ನೀರಿನ ಟ್ಯಾಂಕ್‌ಗೆ ಹತ್ತುವ ಏಣಿ ಅಲ್ಲಾಡುತ್ತಿರುವುದು ತಿಳಿದುಬಂತು. ಅದನ್ನು ಹತ್ತುತ್ತಿದ್ದವರು ಅಷ್ಟು ವರ್ಷಗಳಿಂದ ಒಬ್ಬರೇ. ಈಗ ಹೊಸ ಏಣಿ ಬಂದಿದೆ.

ಮುಅಝ್ಝಿನ್ ಸಾಹೇಬರ ಕೈ ಈಗ ವಾಸಿಯಾಗಿದೆ, ಅಲ್‌ಹಮ್ದುಲಿಲ್ಲಾಹ್. ಭಾರದ ಬಕೆಟ್ ಎತ್ತಲು ಇನ್ನೂ ನೋವಾಗುತ್ತದೆ. ಗುರುವಾರ ಅಸರ್ ನಂತರ ಮರುದಿನದ ಜುಮಾಕ್ಕಾಗಿ ನಾವಿಬ್ಬರೂ ಸೇರಿ ತೊಳೆಯುತ್ತೇವೆ. ಬಕೆಟ್ ನಮ್ಮದು, ಪೊರಕೆ ಅವರದು. ಮೊನ್ನೆ ಅವರು ತಾವಾಗಿಯೇ ಹೇಳಿದರು: ‘ಹಝ್ರತ್, ಜುಮಾ ದಿನ ಹಿಂದಿನ ಸಾಲಿನವರಿಗೆ ನಿಮ್ಮ ಖುತ್ಬಾ ಕೇಳಿಸೋದಿಲ್ಲ. ಆ ಮೂಲೆಯ ಸ್ಪೀಕರ್ ಹೋಗಿ ತುಂಬ ದಿನ ಆಯ್ತು.’ ಇದನ್ನು ಇದುವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಸ್ಪೀಕರ್ ರಿಪೇರಿಗೆ ಕೊಟ್ಟಿದ್ದೇವೆ.

ನಮ್ಮ ಅಧೀನದಲ್ಲಿರುವವರ ಕಷ್ಟವನ್ನು ಅವರು ಬೀಳುವ ಮೊದಲೇ ಕಾಣುವ ಕಣ್ಣನ್ನೂ, ಅವರ ಭಾರಕ್ಕೆ ಹೆಗಲು ಕೊಡುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಅರಿಯದೆ ನಾವು ನೋಯಿಸಿದವರಿಂದ ಕ್ಷಮೆ ಕೇಳುವ ಧೈರ್ಯವನ್ನು ಈ ಲೋಕದಲ್ಲೇ ಕೊಡಲಿ. ಆಮೀನ್.